ಶಾಂತಿಸಾಗರ ಕೇಳಿದರೆ ಹೋಟೆಲ್ ಬಂದಾಗ: ಗೂಗಲ್‌ನಲ್ಲಿ ಬೇಕಾದ್ದನ್ನೇ ಹುಡುಕುವ ಬಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಅಂತ ಇನ್ನೊಂದು ಹೆಸರಿದೆ. ಆ ಹೆಸರನ್ನಷ್ಟೇ ಗೂಗಲ್‌ಗೆ ಕೊಟ್ಟರೆ ಕೆರೆಯ ಜತೆಗೆ ಇಡ್ಲಿ-ವಡೆ ಹೋಟೆಲುಗಳೂ ಸಾಲುಗಟ್ಟುತ್ತವೆ. ಅದೇ ಹೆಸರಿನ ಹೋಟೆಲುಗಳು ಊರೂರಿಗೂ ಇವೆ, ಅವುಗಳ ವಿಳಾಸ ಹುಡುಕುವವರೂ ಜಾಸ್ತಿ. ಹಾಗಾಗಿ ಗೂಗಲ್‌ನದ್ದೇನೂ ತಪ್ಪಿಲ್ಲ. ನಮಗೆ ಬೇಕಾದ್ದು ಕೆರೆ ಅಂತ ಅದಕ್ಕೆ ಬಿಡಿಸಿ ಹೇಳಬೇಕು, ಅಷ್ಟೆ. ಹಾಗೆ ಹೇಳುವ ಚಿಹ್ನೆ ಮತ್ತು ಪದಗಳಿಗೆ ಸರ್ಚ್ ಆಪರೇಟರ್ ಅನ್ನುತ್ತಾರೆ.

ಶುರುವಿನಲ್ಲೇ ಒಂದು ಸೂಚನೆ. ಇಲ್ಲಿ ಆಪರೇಟರ್‌ಗಳನ್ನೂ ವೆಬ್ ವಿಳಾಸಗಳನ್ನೂ ಓದಲು ಸಲೀಸಾಗಲಿ ಅಂತ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಸರ್ಚ್ ಬಾಕ್ಸ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. 'ಸೈಟ್:' ಎಂದರೆ ಎಸ್, ಐ, ಟಿ, ಇ, ಆಮೇಲೆ ಕೋಲನ್. ಹುಡುಕುವ ಪದ ಮಾತ್ರ ಕನ್ನಡದಲ್ಲಿರಬಹುದು. ಮೊಬೈಲಿನಲ್ಲಿ ಲಿಪ್ಯಂತರ ಮಾಡುವ ಕೀಬೋರ್ಡ್ ಇಟ್ಟುಕೊಂಡವರಿಗೆ ಇಲ್ಲೇ ಮೊದಲ ಪೆಟ್ಟು ಬೀಳುವುದು: ಇಂಗ್ಲಿಷಿನಲ್ಲಿ ಹೊಡೆದದ್ದನ್ನು ಕೀಬೋರ್ಡ್ ತಾನೇ ಕನ್ನಡದ 'ಸೈಟ್' ಮಾಡಿಬಿಡುತ್ತದೆ. ಆಗ ಗೂಗಲ್ ನಿವೇಶನ ಮಾರಾಟದ ಜಾಹೀರಾತು ತೋರಿಸಿದರೆ ಅಚ್ಚರಿಪಡಬೇಡಿ. ಗ್ಲೋಬ್ ಗುಂಡಿ ಒತ್ತಿ ಭಾಷೆ ಬದಲಿಸಿ, ಆಪರೇಟರ್ ಹೊಡೆದು, ಮತ್ತೆ ಕನ್ನಡಕ್ಕೆ ಬನ್ನಿ.

ಕಳೆಯುವುದು, ಕೂಡಿಸುವುದು

ಹೋಟೆಲು ಬೇಡವಾದರೆ ಹೀಗೆ:

ಶಾಂತಿಸಾಗರ ಕೆರೆ -ಹೋಟೆಲ್ -ರೆಸ್ಟೋರೆಂಟ್

ಮೈನಸ್ ಚಿಹ್ನೆಗೆ ಮುಂಚೆ ಒಂದು ಜಾಗ ಬಿಡಬೇಕು, ಅದಾದ ಮೇಲೆ ಬಿಡಬಾರದು. 'ಕೆರೆ-ಹೋಟೆಲ್' ಅಂತ ಅಂಟಿಸಿದರೆ ಅದು ಕಳೆಯುವ ಗುರುತಾಗುವುದಿಲ್ಲ, ಬರೀ ಜೋಡುಪದವಾಗುತ್ತದೆ. ವರ್ಡ್ ಫೈಲಿನಲ್ಲಿ ಬರೆದಿಟ್ಟದ್ದನ್ನು ತಂದು ಅಂಟಿಸಬೇಡಿ. ಅಲ್ಲಿ ಚಿಕ್ಕ ಗೆರೆ ತಾನಾಗಿ ಉದ್ದ ಗೆರೆಯಾಗಿರುತ್ತದೆ.

ಇನ್ನೊಂದು ವಿಷಯ: ಕನ್ನಡದ 'ಹೋಟೆಲ್' ಕಳೆದರೆ ಕನ್ನಡದಲ್ಲಿ ಹಾಗೆ ಬರೆದ ಪುಟಗಳು ಮಾತ್ರ ಹೋಗುತ್ತವೆ. ಇಂಗ್ಲಿಷ್ ಲಿಪಿಯಲ್ಲಿರುವ ಹೋಟೆಲ್ ಪುಟ ಹಾಗೇ ಉಳಿಯುತ್ತದೆ. ಹಾಗಾಗಿ ಎರಡು ಲಿಪಿಯಲ್ಲೂ ಕಳೆಯಬೇಕು. ಅಷ್ಟೆಲ್ಲ ಕಳೆದರೆ ಕೆರೆಯ ಬಗ್ಗೆಯೇ ಇರುವ ಒಳ್ಳೆಯ ಪುಟವೂ ಹೋಗಬಹುದು. 'ಹತ್ತಿರದಲ್ಲಿ ಹೋಟೆಲ್ ಇಲ್ಲ, ಊಟ ಕಟ್ಟಿಕೊಂಡು ಹೋಗಿ' ಅಂತ ಅದರಲ್ಲಿ ಒಂದೇ ಒಂದು ಸಾಲಿದ್ದರೂ ಸಾಕು. ಕಳೆಯುವುದಕ್ಕಿಂತ ಕೂಡಿಸುವುದು ಲೇಸು. 'ಶಾಂತಿಸಾಗರ ಚನ್ನಗಿರಿ' ಎಂದರೆ ಮುಕ್ಕಾಲು ಪಾಲು ಹೋಟೆಲುಗಳು ತಾವಾಗೇ ಜಾಗ ಖಾಲಿ ಮಾಡುತ್ತವೆ.

ಮೈನಸ್ ನಿಜಕ್ಕೂ ಬೇಕಾಗುವುದು ಒಂದೇ ಹೆಸರಿನ ಎರಡು ಊರುಗಳಿದ್ದಾಗ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಸಿಕ್ಕಿತು, 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ಆದರೆ ಬ್ರಹ್ಮಗಿರಿ ಕೊಡಗಿನಲ್ಲೂ ಇದೆ, ನಾಸಿಕದ ತ್ರ್ಯಂಬಕೇಶ್ವರದಲ್ಲೂ ಇದೆ. ಇಲ್ಲಿ ಎರಡನ್ನೂ ಬಳಸಿ:

ಬ್ರಹ್ಮಗಿರಿ ಮೊಳಕಾಲ್ಮುರು ಶಾಸನ -ಕೊಡಗು -ತ್ರ್ಯಂಬಕೇಶ್ವರ

ಡಬಲ್ ಕೋಟ್: ಕನ್ನಡಕ್ಕೆ ಬಂದರೆ ಕಥೆಯೇ ಬೇರೆ

ಕೋಟ್ ಇಲ್ಲದ ಪದಕ್ಕೆ ಗೂಗಲ್ ತನ್ನ ಬುದ್ಧಿ ಸೇರಿಸುತ್ತದೆ: ಹತ್ತಿರದ ಪದ, ಬೇರೆ ಕಾಗುಣಿತ, ಸಮಾನಾರ್ಥ. ಕೋಟ್ ಹಾಕಿದರೆ ಇದ್ದದ್ದು ಇದ್ದ ಹಾಗೆ ಹುಡುಕುತ್ತದೆ. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳ ವಾಕ್ಯಕ್ಕೆ ಕೋಟ್ ಹಾಕಿದರೂ ಕೆಲಸ ನಡೆಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಉದ್ದನೆಯ ಕೋಟ್ ಬಹುಮಟ್ಟಿಗೆ ಬರಿಗೈಯಲ್ಲಿ ಕಳಿಸುತ್ತದೆ.

"ಸೂಳೆಕೆರೆ ಒತ್ತುವರಿ ತೆರವು" ಅಂತ ಕೋಟ್‌ನಲ್ಲಿ ಕೊಟ್ಟಿರಿ ಅನ್ನಿ. ವರದಿಗಾರರು ಬರೆದಿರುವುದು 'ಸೂಳೆಕೆರೆಯ ಒತ್ತುವರಿ ತೆರವಿಗೆ', 'ಸೂಳೆಕೆರೆ ಜಾಗದ ಒತ್ತುವರಿ ತೆರವುಗೊಳಿಸಲು' ಅಂತ. ನಿಮ್ಮ ಮೂರು ಪದ ಅದೇ ರೂಪದಲ್ಲಿ, ಅದೇ ಸಾಲಿನಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಒಂದೊಂದಕ್ಕೂ ಪ್ರತ್ಯೇಕ ಕೋಟ್ ಹಾಕಿ, ಬದಲಾಗುವ ಪದವನ್ನು ಹಾಗೇ ಬಿಡಿ:

"ಸೂಳೆಕೆರೆ" "ಒತ್ತುವರಿ" ತೆರವು

ಊರಿನ ಹೆಸರು ಹುಡುಕುವಾಗ ಒಂದು ಅನುಕೂಲವಿದೆ. ನಮ್ಮ ಪತ್ರಿಕೆಗಳ ವರದಿ 'ದಾವಣಗೆರೆ:' ಅಂತಲೋ 'ಹೊಳಲ್ಕೆರೆ:' ಅಂತಲೋ ಊರಿನ ಹೆಸರಿನಿಂದಲೇ ಶುರುವಾಗುತ್ತದೆ. ಅಲ್ಲಿ ಹೆಸರಿಗೆ ಪ್ರತ್ಯಯ ಇರುವುದಿಲ್ಲ. ಹಾಗಾಗಿ "ಹೊಳಲ್ಕೆರೆ" ಎಂಬ ಮೂಲರೂಪ ಹಿಡಿದರೆ ಆ ತಾಲ್ಲೂಕಿನ ಸುದ್ದಿ ಸಿಗುತ್ತದೆ. 'ಹೊಳಲ್ಕೆರೆಯಲ್ಲಿ' ಅಂತ ಕೋಟ್ ಹಾಕಿದರೆ ಅರ್ಧ ಸುದ್ದಿ ಕಳೆದುಕೊಳ್ಳುತ್ತೀರಿ.

ನಕ್ಷತ್ರ ಚಿಹ್ನೆ ಹಾಕಿ 'ಹೊಳಲ್ಕೆರೆ*' ಎಂದರೆ ಎಲ್ಲ ವಿಭಕ್ತಿಯೂ ಬರುತ್ತದೆ ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಗೂಗಲ್‌ನಲ್ಲಿ ನಕ್ಷತ್ರ ಇಡೀ ಪದದ ಜಾಗ ತುಂಬುತ್ತದೆಯೇ ಹೊರತು ಪದದ ಬಾಲವನ್ನಲ್ಲ. "ಸೂಳೆಕೆರೆ * ಒತ್ತುವರಿ" ಎಂದಾಗ ನಡುವೆ 'ಜಾಗದ' ಇದ್ದರೆ ಅದನ್ನು ಹಿಡಿಯಬಲ್ಲುದು.

'ಸಾಫ್ಟ್‌ವೇರ್' ಥರದ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಅದಿಲ್ಲದೆ 'ಸಾಫ್ಟ್ವೇರ್' ಅಂತ ಬರೆದವರೂ ಬೇಕಾದಷ್ಟು ಜನ. ಕೋಟ್ ಹಾಕುವುದೇ ಆದರೆ ಎರಡೂ ರೂಪ ಕೊಟ್ಟು ನೋಡಿ.

ಒಂದೇ ವಸ್ತುವಿಗೆ ಮೂರು ಹೆಸರಿದ್ದಾಗ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ. ಧಾರವಾಡದ ಕಡೆ ಗೋವಿನಜೋಳ. ಬೆಂಗಳೂರು, ಮೈಸೂರು ಕಡೆಯ ಕೃಷಿ ಕೈಪಿಡಿಗಳಲ್ಲಿ ಮುಸುಕಿನ ಜೋಳ. ಒಂದೇ ಹೆಸರು ಹಿಡಿದು ಹುಡುಕಿದರೆ ಉಳಿದ ಎರಡು ಕಡೆಯವರು ಬರೆದದ್ದು ಕೈತಪ್ಪುತ್ತದೆ. 'ಇದಾದರೂ ಸರಿ, ಅದಾದರೂ ಸರಿ' ಅನ್ನಲು ನೇರ ಗೆರೆಯ ಚಿಹ್ನೆ ಬಳಸಿ:

"ಸೈನಿಕ ಹುಳು" ಮೆಕ್ಕೆಜೋಳ | ಗೋವಿನಜೋಳ | "ಮುಸುಕಿನ ಜೋಳ"

ಆ ಗೆರೆಯ ಬದಲು ಇಂಗ್ಲಿಷಿನ ಓ ಮತ್ತು ಆರ್ ಅಕ್ಷರಗಳನ್ನೂ ಹಾಕಬಹುದು, ಆದರೆ ಎರಡೂ ದೊಡ್ಡಕ್ಷರದಲ್ಲಿರಬೇಕು. ಸಣ್ಣಕ್ಷರ ಹಾಕಿದರೆ ಮಾಮೂಲಿ ಪದವಾಗುತ್ತದೆ. ಕನ್ನಡದಲ್ಲಿ 'ಅಥವಾ' ಅಂತ ಬರೆದರಂತೂ ಗೂಗಲ್ ಅದನ್ನೂ ಹುಡುಕಬೇಕಾದ ಪದವೆಂದೇ ಎಣಿಸುತ್ತದೆ. ಎರಡು ಪದದ ಹೆಸರಿಗೆ ಕೋಟ್ ಕಡ್ಡಾಯ. ಇಲ್ಲದಿದ್ದರೆ ಆಯ್ಕೆ 'ಮುಸುಕಿನ' ಎಂಬ ಒಂದು ಪದಕ್ಕೆ ಮಾತ್ರ ತಗಲುತ್ತದೆ, 'ಜೋಳ' ಬೇರೆಯಾಗಿ ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ಹುಡುಕುವಾಗ ನಮ್ಮ ದಾವಣಗೆರೆಯ ಹೆಸರೇ ತೊಡಕು. ಜಿಲ್ಲಾಡಳಿತದ ವೆಬ್‌ಸೈಟಿನ ವಿಳಾಸದಲ್ಲಿ ಎನ್ ಆದ ಮೇಲೆ ಎ ಇದೆ, ದಾವಣಗೆರೆ ವಿಶ್ವವಿದ್ಯಾನಿಲಯದ ವಿಳಾಸದಲ್ಲಿ ಆ ಎ ಇಲ್ಲ. ಎರಡು ಕಾಗುಣಿತವನ್ನೂ ನೇರ ಗೆರೆ ಹಾಕಿ ಕೊಡುವುದು ಒಳ್ಳೆಯದು. ಚಿತ್ರದುರ್ಗದ್ದು ಇನ್ನೂ ಹಳೆಯ ತೊಡಕು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಅದು 'ಚಿತಲ್‌ಡ್ರೂಗ್', ಕಾಗುಣಿತದಲ್ಲಿ ಒಂದು ಓ, ಎರಡು ಓ, ಯು ಅಂತ ನಾನಾ ಅವತಾರ. ಶಾಸನತಜ್ಞ ಬಿ. ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಲ್ಲಿ ಈ ಜಿಲ್ಲೆಯದ್ದು 11ನೆಯದು. ಅದನ್ನು ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದು ಅದರ ಬಗ್ಗೆ ಬೇರೆಯವರು ಬರೆದದ್ದು. ಹಳೆಯ ಕಾಗುಣಿತದಲ್ಲಿ ಹುಡುಕಿದರೆ ಸಂಪುಟವೇ ಸಿಗುತ್ತದೆ.

ಗಡಿಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚಿನ ಸರ್ಕಾರಿ ಕಾಗದಗಳಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಡಿ ಇವೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಡಿ, ಹರಪನಹಳ್ಳಿ ಬಳ್ಳಾರಿಯಡಿ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. 1980ರ ದಶಕದ ಹೊನ್ನಾಳಿಯ ಅಂಕಿಅಂಶಕ್ಕೆ 'ದಾವಣಗೆರೆ ಜಿಲ್ಲೆ' ಅಂತ ಕೋಟ್ ಹಾಕಿ ಕೂತರೆ ಎಷ್ಟು ಹೊತ್ತಾದರೂ ಸಿಗುವುದಿಲ್ಲ.

ಸರ್ಕಾರಿ ಪ್ರಕಟಣೆ ಮೂಲದಲ್ಲೇ ಹಿಡಿಯಲು

'ದಾವಣಗೆರೆ ನೇಮಕಾತಿ' ಅಂತ ಹುಡುಕಿದರೆ ಮೊದಲ ಪುಟದ ತುಂಬ ಉದ್ಯೋಗ ಮಾಹಿತಿಯ ಖಾಸಗಿ ತಾಣಗಳು. ಕೆಲವು ಸರಿಯಾಗೇ ಇರುತ್ತವೆ. ಇನ್ನು ಕೆಲವು ಹೋದ ವರ್ಷದ ಪ್ರಕಟಣೆಗೆ ಈ ವರ್ಷದ ತಲೆಬರಹ ಅಂಟಿಸಿರುತ್ತವೆ. ಮೂಲ ಪ್ರಕಟಣೆ ನೋಡದೆ ಅರ್ಜಿ ಶುಲ್ಕ ಕಟ್ಟಬಾರದು. ಅದಕ್ಕೆ 'ಸೈಟ್:' ಬಳಸಿ:

ಸೈಟ್:ದಾವಣಗೆರೆ.ಎನ್‌ಐಸಿ.ಇನ್ ನೇಮಕಾತಿ

ಕೋಲನ್ ಆದ ಮೇಲೆ ಜಾಗ ಬಿಡಬಾರದು. ಬಿಟ್ಟರೆ ಆಪರೇಟರ್ ಸತ್ತ ಹಾಗೆಯೇ. ವಿಳಾಸದ ಶುರುವಿನಲ್ಲಿ ಮೂರು ಡಬ್ಲ್ಯು ಹಾಕಬೇಡಿ, ಹಾಕಿದರೆ ಆ ತಾಣದ ಉಳಿದ ವಿಭಾಗಗಳು ಹೊರಗುಳಿಯುತ್ತವೆ. ಜಿಲ್ಲೆಗಷ್ಟೇ ಸೀಮಿತವಾಗದೆ ಜಿಒವಿ.ಇನ್ ಅಂತ ಕೊನೆಯಾಗುವ ಸರ್ಕಾರಿ ತಾಣಗಳಲ್ಲೆಲ್ಲ ಹುಡುಕಬೇಕಾದರೆ ಕೊನೆಯ ತುಣುಕು ಮಾತ್ರ ಕೊಡಿ: 'ಸೈಟ್:ಜಿಒವಿ.ಇನ್' ಅಥವಾ 'ಸೈಟ್:ಕರ್ನಾಟಕ.ಜಿಒವಿ.ಇನ್'. ಇದರಿಂದ ಇನ್ನೊಂದು ಲಾಭವೂ ಇದೆ. ಕೆಲವು ಮೋಸದ ತಾಣಗಳು ವಿಳಾಸದ ನಡುವೆ 'ಜಿಒವಿ' ತುರುಕಿ ಕೊನೆಗೆ ಬೇರೇನೋ ಇಟ್ಟಿರುತ್ತವೆ. 'ಸೈಟ್:' ವಿಳಾಸವನ್ನು ಬಾಲದಿಂದ ನೋಡುವುದರಿಂದ ಅವು ಒಳಗೆ ಬರಲಾರವು.

ಪ್ರಕಟಣೆ, ಟೆಂಡರ್, ಆಯ್ಕೆಪಟ್ಟಿ ಎಲ್ಲವೂ ಸಾಮಾನ್ಯವಾಗಿ ಪಿಡಿಎಫ್. ಹಾಗಾಗಿ ಹುಡುಕಾಟದ ಕೊನೆಗೆ 'ಫೈಲ್‌ಟೈಪ್:ಪಿಡಿಎಫ್' ಸೇರಿಸಿ. ಇಲ್ಲೊಂದು ಗುಟ್ಟಿದೆ. ಜಿಲ್ಲಾಡಳಿತಗಳ ಈಗಿನ ವೆಬ್‌ಸೈಟುಗಳು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಒಂದೇ ಅಚ್ಚಿನಲ್ಲಿ ತಯಾರಾದವು. ಅವುಗಳ ಪುಟ ಜಿಲ್ಲೆಯ ವಿಳಾಸದಲ್ಲಿದ್ದರೂ ಅಪ್‌ಲೋಡ್ ಮಾಡಿದ ಪಿಡಿಎಫ್‌ಗಳು ಇನ್ನೊಂದು ವಿಳಾಸದಲ್ಲಿ ಕೂತಿರುತ್ತವೆ. ಆ ವಿಳಾಸ ಎಸ್, 3, ಡಬ್ಲ್ಯು, ಎ, ಎ, ಎಸ್, ಆಮೇಲೆ ಜಿಒವಿ.ಇನ್. ಹಾಗಾಗಿ ಜಿಲ್ಲೆಯ ವಿಳಾಸದಲ್ಲೇ ಪಿಡಿಎಫ್ ಹುಡುಕಿದರೆ ಬಹಳ ಕಡಿಮೆ ಸಿಕ್ಕು 'ಏನೂ ಹಾಕಿಲ್ಲ' ಅನ್ನಿಸುತ್ತದೆ. ಹೀಗೆ ಮಾಡಿ:

ಸೈಟ್:ಎಸ್3ಡಬ್ಲ್ಯುಎಎಎಸ್.ಜಿಒವಿ.ಇನ್ ಫೈಲ್‌ಟೈಪ್:ಪಿಡಿಎಫ್ "ಚಿತ್ರದುರ್ಗ" ಟೆಂಡರ್

ದೇಶದ ಎಷ್ಟೋ ಜಿಲ್ಲೆಗಳ ಕಡತ ಅದೇ ಕಣಜದಲ್ಲಿರುವುದರಿಂದ ಜಿಲ್ಲೆಯ ಹೆಸರಿಗೆ ಕೋಟ್ ಹಾಕಲೇಬೇಕು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹುಡುಕಿ.

ಇಷ್ಟಾದರೂ ಸಿಗದಿದ್ದರೆ ಕಾರಣ ಬಹುಶಃ ಅಕ್ಷರದ್ದು. ಒಂದು, ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿರಬಹುದು. ಅದು ಬರೀ ಚಿತ್ರ, ಗೂಗಲ್ ಕೆಲವೊಮ್ಮೆ ಅದರೊಳಗಿನ ಅಕ್ಷರ ಓದುತ್ತದೆ, ಕೆಲವೊಮ್ಮೆ ಇಲ್ಲ. ಎರಡು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಬಿಟ್ಟು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರಬಹುದು. ಕಣ್ಣಿಗೆ ಅದು ಅಪ್ಪಟ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ತಲೆ ಮೇಲೆ ಚುಕ್ಕಿ-ಗೆರೆ ಹೊತ್ತ ಯುರೋಪಿನ ಅಕ್ಷರಗಳು. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಯೂನಿಕೋಡ್, ಕಲಸುಮೇಲೋಗರ ಬಂದರೆ ಹಳೆಯ ಫಾಂಟ್, ಏನೂ ಆಯ್ಕೆಯಾಗದಿದ್ದರೆ ಸ್ಕ್ಯಾನ್.

ಹಳೆಯ ಫಾಂಟಿನ ಕಡತಕ್ಕೆ ಒಂದು ಅಡ್ಡದಾರಿ ಇದೆ. ಯೂನಿಕೋಡ್ ಪದವನ್ನು ನುಡಿಗೆ ಬದಲಿಸುವ ಕನ್ವರ್ಟರ್‌ನಲ್ಲಿ ನಿಮ್ಮ ಪದ ಹಾಕಿ, ಬಂದ ಕಲಸುಮೇಲೋಗರವನ್ನೇ ಕೋಟ್‌ನಲ್ಲಿಟ್ಟು ಹುಡುಕಿ. ಕೆಲವೊಮ್ಮೆ ನೇರವಾಗಿ ಆ ಆದೇಶವೇ ಸಿಗುತ್ತದೆ. ಆದರೆ ನುಡಿಯಲ್ಲಿ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಬೇರೆ ಬೇರೆ ಕನ್ನಡ ಅಕ್ಷರಗಳಿವೆ, ಗೂಗಲ್‌ಗೆ ಎರಡೂ ಒಂದೇ. ಅದರಿಂದ ಸಂಬಂಧವಿಲ್ಲದ ಕಡತಗಳೂ ನುಗ್ಗುತ್ತವೆ. ಉದ್ದನೆಯ, ಅಪರೂಪದ ಪದ ಆರಿಸಿಕೊಂಡರೆ ಕಸ ಕಡಿಮೆ. ಸ್ಕ್ಯಾನ್ ಕಡತಕ್ಕೆ ಈ ದಾರಿಯೂ ಇಲ್ಲ. ಅದರ ಕೊಂಡಿ ಇರುವ ಪುಟದ ತಲೆಬರಹವನ್ನೇ ಹಿಡಿಯಬೇಕು: 'ಇನ್‌ಟೈಟಲ್:ಅಧಿಸೂಚನೆ' ಎಂದರೆ ಶೀರ್ಷಿಕೆಯಲ್ಲಿ ಆ ಪದವಿರುವ ಪುಟ ಮಾತ್ರ ಬರುತ್ತದೆ. 'ಇನ್‌ಯುಆರ್‌ಎಲ್:' ವಿಳಾಸದಲ್ಲಿರುವ ಪದಕ್ಕೆ. ವಿಳಾಸಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಅಲ್ಲಿ ಇಂಗ್ಲಿಷ್ ಪದ ಕೊಡಿ.

ಹೀಗೆ ಹುಡುಕುವಾಗ ಫಲಾನುಭವಿಗಳ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಇರುವ ಪಟ್ಟಿಯೂ ಕಣ್ಣಿಗೆ ಬೀಳಬಹುದು. ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು ಸಾಹಸವೇನಲ್ಲ. ಆ ಕಚೇರಿಗೆ ತಿಳಿಸಿ, ತೆಗೆಸಿ.

ದಿನಾಂಕದ ಬೇಲಿ

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ದಿನಗಳ ವರದಿ ಮಾತ್ರ ಬೇಕು ಅನ್ನಿ. ಈ ಜಲಾಶಯಕ್ಕೂ ಹೆಸರು ಮೂರು:

ಕೋಡಿ "ವಾಣಿವಿಲಾಸ ಸಾಗರ" | ಮಾರಿಕಣಿವೆ | "ವಿವಿ ಸಾಗರ" ಆಫ್ಟರ್:2022-08-31 ಬಿಫೋರ್:2022-10-01

ವರ್ಷ, ತಿಂಗಳು, ದಿನ, ಇದೇ ಕ್ರಮ. ನಾವು ರೂಢಿಯಲ್ಲಿ ಬರೆಯುವ ದಿನ-ತಿಂಗಳು-ವರ್ಷ ನಡೆಯುವುದಿಲ್ಲ. ವರ್ಷ ಮಾತ್ರ ಕೊಟ್ಟರೂ ಗೂಗಲ್ ಒಪ್ಪುತ್ತದೆ, ಆದರೆ ಯಾವ ದಿನದಿಂದ ಎಣಿಸಿತು ಎಂಬ ಗೊಂದಲ ಬೇಡವೆಂದರೆ ಪೂರ್ತಿ ದಿನಾಂಕವೇ ಲೇಸು. 'ಕೋಡಿ ಬಿದ್ದಿತು', 'ಕೋಡಿ ಹರಿಯಿತು' ಅಂತೆಲ್ಲ ಕೋಟ್ ಹಾಕದೆ 'ಕೋಡಿ' ಒಂದನ್ನೇ ಬಿಟ್ಟಿರುವುದು ಕ್ರಿಯಾಪದ ಪತ್ರಿಕೆಯಿಂದ ಪತ್ರಿಕೆಗೆ ಬದಲಾಗುತ್ತದೆ ಅಂತ. ಆದರೆ ಜಲಾಶಯದ ಹೆಸರಿಲ್ಲದೆ ಬರೀ 'ಕೋಡಿ' ಕೊಟ್ಟೀರಿ ಜೋಕೆ, ಕೋಡಿಮಠದ ಭವಿಷ್ಯವಾಣಿ ಬಂದು ಕೂರುತ್ತದೆ!

ದಿನಾಂಕದ ಬೇಲಿ ಸುದ್ದಿಗಷ್ಟೇ ಅಲ್ಲ. ಮೆಕ್ಕೆಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ಅದೂ ಕರ್ನಾಟಕದಲ್ಲೇ. ಅದಕ್ಕಿಂತ ಹಿಂದಿನ ಪುಟಗಳು 'ಸೈನಿಕ ಹುಳು' ಎಂದಿದ್ದರೆ ಅದು ಬೇರೆ ಹುಳು, ಔಷಧಿಯ ಸಲಹೆಯೂ ಬೇರೆ. ಮೇಲಿನ ಜೋಳದ ಹುಡುಕಾಟಕ್ಕೆ 'ಆಫ್ಟರ್:2018-05-01' ಸೇರಿಸಿದರೆ ಆ ಅಪಾಯ ತಪ್ಪುತ್ತದೆ. ಪುಟದ ದಿನಾಂಕವನ್ನು ಗೂಗಲ್ ತಾನೇ ಅಂದಾಜು ಮಾಡುತ್ತದೆ ಎಂಬುದು ನೆನಪಿರಲಿ. ಹಳೆಯ ಬರಹವನ್ನು ಮತ್ತೆ ತಿದ್ದಿ ಹಾಕಿದ್ದರೆ ಅದು ಹೊಸದರಂತೆ ಬೇಲಿಯೊಳಗೆ ಬರುತ್ತದೆ. ಪುಟ ತೆರೆದು ದಿನಾಂಕ ನೋಡಿಯೇ ಔಷಧಿ ಅಂಗಡಿಗೆ ಹೋಗಿ.

ಸತ್ತುಹೋದವು, ಬೇರೆ ಕಡೆ ಬೇರೆಯಾದವು

ಯೂಟ್ಯೂಬ್ ಪಾಠಗಳಲ್ಲಿ ಇನ್ನೂ ಹೇಳಿಕೊಡುವ ಕೆಲವು ಆಪರೇಟರ್‌ಗಳಿಗೆ ಈಗ ಜೀವವಿಲ್ಲ. ಪ್ಲಸ್ ಚಿಹ್ನೆ 2011ರಲ್ಲಿ, ಸಮಾನಾರ್ಥಕ್ಕೆ ಹಾಕುತ್ತಿದ್ದ ಅಲೆಗೆರೆ (~) 2013ರಲ್ಲಿ, ಗೂಗಲ್ ಉಳಿಸಿಟ್ಟ ಹಳೆಯ ಪ್ರತಿ ತೋರಿಸುತ್ತಿದ್ದ 'ಕ್ಯಾಶ್:' 2024ರಲ್ಲಿ ಹೋದವು. ತೆಗೆದುಹಾಕಿದ ಪುಟದ ಹಳೆಯ ಪ್ರತಿ ಬೇಕಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ವಿಳಾಸ ಅಂಟಿಸಿ.

ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನಲ್ಲಿ ಕೋಟ್, ಮೈನಸ್, 'ಸೈಟ್:', 'ಫೈಲ್‌ಟೈಪ್:' ಹೀಗೇ ನಡೆಯುತ್ತವೆ. ವ್ಯತ್ಯಾಸ ನೇರ ಗೆರೆಯದ್ದು: ಅಲ್ಲಿ ಆಯ್ಕೆಯ ಪದಗಳನ್ನೆಲ್ಲ ಆವರಣ ಚಿಹ್ನೆಯೊಳಗೆ ಹಾಕದಿದ್ದರೆ ಹುಡುಕಾಟ ಅರ್ಧಕ್ಕೆ ಸೀಳಿ ಎರಡಾಗುತ್ತದೆ. ಗೂಗಲ್‌ನಲ್ಲಿ ಅಕ್ಕಪಕ್ಕದ ಪದಗಳಿಗಷ್ಟೇ ತಗಲುವುದರಿಂದ ಆವರಣವಿಲ್ಲದೆಯೂ ನಡೆಯುತ್ತದೆ.

ಗೂಗಲ್‌ನಲ್ಲಿ ಮೇಲುಗಡೆ ಎಐ ಸಾರಾಂಶ ಬಂದು ಕೂತು ಅಸಲು ಪುಟಗಳು ಕೆಳಗೆ ಹೋದರೆ, ಸರ್ಚ್ ಬಾಕ್ಸ್ ಕೆಳಗಿನ ಸಾಲಿನಲ್ಲಿ 'ವೆಬ್' ಒತ್ತಿ. ಅದು ನೇರವಾಗಿ ಕಾಣದಿದ್ದರೆ ಅದೇ ಸಾಲಿನ 'ಇನ್ನಷ್ಟು' ಒಳಗಿರುತ್ತದೆ. ಕೋಟ್ ಹಾಕಿದರೂ ಗೂಗಲ್ ನಿಮ್ಮ ಕಾಗುಣಿತ ತಿದ್ದುತ್ತಿದ್ದರೆ ಕಂಪ್ಯೂಟರಿನಲ್ಲಿ 'ಟೂಲ್ಸ್' ತೆರೆದು, ಹೊಡೆದದ್ದನ್ನು ಹಾಗೇ ಹುಡುಕುವ 'ವರ್ಬೇಟಿಮ್' ಆರಿಸಿ.

ದಿನಾ ಅದೇ ಹುಡುಕಾಟ ಮಾಡುವವರಿಗೆ

ನೇಮಕಾತಿಯನ್ನೋ ಟೆಂಡರನ್ನೋ ನಿತ್ಯ ನೋಡುವವರು ಪ್ರತಿ ಸಲ ಇಷ್ಟುದ್ದ ಹೊಡೆಯಬೇಕಿಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಹೀಗೆ ಮಾಡಿ. ಮೊದಲು 'ಸೈಟ್:' ಸಮೇತ 'ನೇಮಕಾತಿ' ಹುಡುಕಿ. ಮೇಲಿನ ವಿಳಾಸಪಟ್ಟಿಯಲ್ಲಿ ಬಂದ ವಿಳಾಸ ಪೂರ್ತಿ ಕಾಪಿ ಮಾಡಿ. ಸೆಟ್ಟಿಂಗ್ಸ್‌ನಲ್ಲಿ 'ಸರ್ಚ್ ಎಂಜಿನ್', ಅದರೊಳಗೆ ಸರ್ಚ್ ಎಂಜಿನ್ ಮತ್ತು ಸೈಟ್ ಸರ್ಚ್ ನಿರ್ವಹಣೆ, ಅಲ್ಲಿ 'ಆ್ಯಡ್'. ವಿಳಾಸದ ಖಾನೆಯಲ್ಲಿ ಅಂಟಿಸಿ, 'ನೇಮಕಾತಿ' ಪದ ಇದ್ದ ಜಾಗದಲ್ಲಿ ಶೇಕಡಾ ಚಿಹ್ನೆ ಮತ್ತು ಸಣ್ಣಕ್ಷರದ ಎಸ್ ಇಡಿ. ಅಂಟಿಸಿದಾಗ ಕನ್ನಡ ಪದ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳ ಉದ್ದ ಸರಪಳಿಯಾಗಿ ಕಾಣಬಹುದು. ಆ ಸರಪಳಿಯನ್ನು ಪೂರ್ತಿ ಅಳಿಸಬೇಕು, ಒಂದು ತುಣುಕು ಉಳಿದರೂ ಹುಡುಕಾಟ ಕೆಡುತ್ತದೆ. ಶಾರ್ಟ್‌ಕಟ್ ಖಾನೆಯಲ್ಲಿ ಎರಡು ಅಕ್ಷರ ಕೊಡಿ. ಇನ್ನು ಮೇಲೆ ವಿಳಾಸಪಟ್ಟಿಯಲ್ಲಿ ಆ ಎರಡು ಅಕ್ಷರ ಹೊಡೆದು, ಟ್ಯಾಬ್ ಒತ್ತಿ, ಬೇಕಾದ ಪದ ಬರೆದರೆ ಸಾಕು.

ಮೊಬೈಲಿನಲ್ಲಾದರೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನ ವೈಯಕ್ತಿಕ ನಿಘಂಟಿನಲ್ಲಿ ಇಡೀ 'ಸೈಟ್:' ತುಣುಕನ್ನು ಪದವಾಗಿ ಸೇರಿಸಿ ಒಂದು ಶಾರ್ಟ್‌ಕಟ್ ಇಟ್ಟುಕೊಳ್ಳಿ. ಇಂಗ್ಲಿಷ್ ಕೀಬೋರ್ಡಿನಡಿ ಸೇರಿಸಿದರೆ ಇಂಗ್ಲಿಷಿನಲ್ಲಿದ್ದಾಗ ಮಾತ್ರ ಸಲಹೆಯಾಗಿ ಬರುತ್ತದೆ, ಹಾಗಾಗಿ ಎಲ್ಲ ಭಾಷೆಗೂ ಅಂತ ಆರಿಸಿ.

ಆಪರೇಟರ್ ಇರುವ ಹುಡುಕಾಟವನ್ನು ಪಟಪಟನೆ ಒಂದರ ಹಿಂದೊಂದು ಮಾಡಿದರೆ ನೀವು ಮನುಷ್ಯರೋ ಯಂತ್ರವೋ ಅಂತ ಗೂಗಲ್ ಅನುಮಾನಿಸಿ ಟ್ರಾಫಿಕ್ ಲೈಟು, ಬಸ್ಸುಗಳ ಚಿತ್ರ ಆರಿಸಲು ಹೇಳುತ್ತದೆ. ಸೈಬರ್ ಸೆಂಟರ್, ಹಾಸ್ಟೆಲುಗಳಲ್ಲಿ ಹತ್ತಾರು ಜನ ಒಂದೇ ಇಂಟರ್ನೆಟ್ ಬಳಸುವ ಕಡೆ ಇದು ಬೇಗ ಬರುತ್ತದೆ. ಚಿತ್ರ ಆರಿಸಿ ಮುಂದುವರಿಯಿರಿ, ಮತ್ತೆ ಮತ್ತೆ ಬಂದರೆ ಸ್ವಲ್ಪ ಹೊತ್ತು ಬಿಡಿ, ಇಲ್ಲವೇ ನಿಮ್ಮದೇ ಮೊಬೈಲ್ ಡೇಟಾಕ್ಕೆ ಬದಲಾಯಿಸಿ.